ಹರಿಗೋಲು ಉಪ್ಪುನೀರಿಗೆ ಇಳಿದುದು

ಕಾವೇರಿಯು ಮಳವಳ್ಳಿ ತಾಲ್ಲೂಕಿನ ದಕ್ಷಿಣದ ಎಲ್ಲೆಯನ್ನು ಸೇರುತ್ತಲೆ ತನ್ನ ನಡೆಯನ್ನು ಬದಲಿಸಿಕೊಳ್ಳುವುದು. ಅದುವರೆಗೆ ಗದ್ದೆ ತೋಟಗಳ ನಡುವೆ ಹರವಾಗಿ ಹರಿದು ಬಂದ ನದಿಯು ಶಿವನಸಮುದ್ರದ ದ್ವೀಪದೆಡೆಯಲ್ಲಿ ಎರಡು ಕವಲಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳೆಂಬ ಜಲಪಾತಗಳಾಗಿ ಧುಮುಕಿ, ಸ್ವಲ್ಪ ದೂರದೊಳಗೆ ಸುಮಾರು 320 ಅಡಿಗಳಷ್ಟು ಕೆಳಕ್ಕೆ ಇಳಿದುಬಿಡುವುದು. ಅಲ್ಲಿಂದ ಮುಂದೆ ಶಿಂಷೆಯನ್ನು ಕೂಡಿಕೊಂಡು, ಮುತ್ತತ್ತಿ ಭೀಮೇಶ್ವರಿಗಳ ಕಾಡನ್ನು ಹೊಕ್ಕು, ಅರ್ಕಾವತಿಯ ಸಂಗಮವನ್ನು ದಾಟಿ, ಮೇಕೆದಾಟಿನಲ್ಲಿ ಬಂಡೆಗಳ ಇಕ್ಕಟ್ಟಿನೊಳಗೆ ನುಸುಳಿ, ಹೊಗೆನಕಲ್ಲಿನಲ್ಲಿ ಮತ್ತೊಮ್ಮೆ ಬಿದ್ದು ತಮಿಳುನಾಡಿನ ಬಯಲನ್ನು ಮುಟ್ಟುವುದು. ಆದುದರಿಂದ ಮಂಡ್ಯದ ಸೀಮೆಯ ನೀರಿನಲ್ಲಿ ತೇಲಿದ ದೋಣಿಗೆ ನದಿಯ ದಾರಿಯಿಂದ ಕಡಲನ್ನು ಕಾಣುವುದು ಎಂದಿಗೂ ಸಾಧ್ಯವಿರಲಿಲ್ಲ. ಹೀಗಿದ್ದರೂ ಈ ಸೀಮೆಯ ದೋಣಿಯಾದ ಹರಿಗೋಲು ಈಗ ಕೆಲವು ದಶಕಗಳಿಂದ ಕೊಚ್ಚಿಯ ಅಳಿವೆಯ ಉಪ್ಪುನೀರಿನಲ್ಲಿ, ಹಡಗುಗಳು ಓಡಾಡುವ ದಾರಿಯ ಪಕ್ಕದಲ್ಲಿ, ಕನ್ನಡ ಮಾತನಾಡುವ ಗಂಡಹೆಂಡಿರನ್ನು ಹೊತ್ತು ಮೀನು ಹಿಡಿಯುತ್ತಿರುವುದು. ಸಿಹಿನೀರಿನ ಈ ಪುಟ್ಟ ದೋಣಿಯು ಭರತ ಇಳಿತಗಳ ನೀರಿಗೆ ಹೋದುದು ಹೇಗೆ, ಅಲ್ಲಿ ಅದು ಬದುಕಿದುದು ಯಾವ ಗುಣದಿಂದ ಎಂಬುದು ಈ ನಾಡಿನ ಚರಿತ್ರೆಯಲ್ಲಿ ರಾಜರ ಹೆಸರಿಲ್ಲದ ಒಂದು ಅಧ್ಯಾಯ.

ಹರಿಗೋಲೆಂಬ ಹೆಸರು ಹಳೆಯದು. ತಮಿಳಿನಲ್ಲಿ ಇದನ್ನು ಪರಿಸಲ್ ಎನ್ನುವರು; ಪಕಾರವು ಕನ್ನಡದಲ್ಲಿ ಹಕಾರವಾಗುವ ಕ್ರಮವನ್ನು ಬಲ್ಲವರಿಗೆ ಎರಡು ಮಾತುಗಳಿಗೂ ಇರುವ ನಂಟು ಕಾಣದೆ ಇರದು. ತೆಲುಗಿನಲ್ಲಿಯೂ ಇದೇ ಮಾತು ಉಂಟು. ಆಡುಮಾತಿನಲ್ಲಿ ಕೆಲವರು ಇದನ್ನು ತೆಪ್ಪವೆಂದೂ ಕರೆಯುವರು. ಆದರೆ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ತೆಪ್ಪವೇ ಬೇರೆ, ಬಿದಿರಿನಲ್ಲಿ ಹೆಣೆದ ಹರಿಗೋಲೇ ಬೇರೆ. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡ ಉದ್ದವಾಗಿ ಹಾಸಿ, ನಡುವನ್ನು ಒತ್ತಾಗಿ ಹೆಣೆದು, ಕೊನೆಗಳನ್ನು ಮೇಲಕ್ಕೆ ಬಗ್ಗಿಸಿ, ಬಾಯಿಯ ಸುತ್ತ ದಪ್ಪನಾದ ಬಿದಿರಿನ ಬಳೆಯನ್ನು ಕಟ್ಟಿದರೆ ದೊಡ್ಡದೊಂದು ಕುಕ್ಕೆ ಸಿದ್ಧವಾಗುವುದು. ಅದರ ಹೊರಮೈಗೆ ಎಮ್ಮೆಯ ಅಥವಾ ಎತ್ತಿನ ತೊಗಲನ್ನು ಹೊಲಿದು ಬಿಗಿದರೆ ಅದೇ ದೋಣಿ. ಇದಕ್ಕೆ ಕಬ್ಬಿಣದ ಮೊಳೆ ಬೇಡ, ಬಡಗಿಯ ಉಳಿ ಬೇಡ. ಕುಡುಗೋಲು ಹಿಡಿಯಬಲ್ಲ ಕೈಯೂ ಒಂದು ಮೆಳೆಯ ಬಿದಿರೂ ಇದ್ದರೆ ಸಾಕು.

ಈ ದೋಣಿಯ ತಳ ಚಪ್ಪಟೆ. ಇದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಒಬ್ಬಿಬ್ಬರು ಕುಳಿತಾಗ ಗೇಣುದ್ದದ ನೀರಿನಲ್ಲಿಯೂ ತೇಲುವುದು. ಬಂಡೆಗೆ ತಾಕಿದರೆ ಮರದ ದೋಣಿಯ ಹಾಗೆ ಸೀಳುವುದಿಲ್ಲ. ಬಿದಿರು ಬಳುಕಿ, ದೋಣಿಯು ಒಂದು ಸುತ್ತು ತಿರುಗಿ ಪಕ್ಕಕ್ಕೆ ಸರಿದುಕೊಳ್ಳುವುದು. ಕೆಲಸ ಮುಗಿದ ಮೇಲೆ ಒಬ್ಬಾಳು ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಗೆ ನಡೆಯಬಲ್ಲನು. ದಂಡೆಯಲ್ಲಿ ಮಗುಚಿಟ್ಟರೆ ಬಿಸಿಲಿಗೆ ತೊಗಲು ಆರುವುದು. ಮಳೆ ಬಂದರೆ ಅದೇ ತಲೆಯ ಮೇಲಿನ ಮಾಡು. ತೊಗಲು ಹಗಲಿರುಳೂ ನೀರಿನಲ್ಲಿಯೆ ನೆನೆಯುತ್ತಿದ್ದರೆ ಕೊಳೆತುಹೋಗುವುದರಿಂದ ಹೀಗೆ ಆಗಾಗ ಆರಿಸುವುದು ಅವಶ್ಯವೂ ಆಗಿದ್ದಿತು. ಬಂಡೆ, ಮಡು, ಸೆಳವು, ಬೇಸಗೆಯಲ್ಲಿ ಮೊಳಕಾಲುದ್ದ ನೀರು, ಮುಂಗಾರಿನಲ್ಲಿ ತಾಳೆಯುದ್ದ ನೀರು, ಇಂತಹ ನದಿಗೆ ಇದಕ್ಕಿಂತ ತಕ್ಕ ದೋಣಿಯನ್ನು ಊಹಿಸುವುದು ಕಷ್ಟ.

ಸುಮಾರು 1520ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುವ ಜನರು ಬುಟ್ಟಿಯಂಥ ದೋಣಿಗಳಲ್ಲಿ ಕುಳಿತುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಮಂದಿ ಹಿಡಿಸುವರು. ಅಗತ್ಯಬಿದ್ದರೆ ಕುದುರೆಗಳನ್ನೂ ಎತ್ತುಗಳನ್ನೂ ದಾಟಿಸಬಹುದು. ಹುಟ್ಟು ಹಾಕಿದಾಗ ಅದು ಸುತ್ತುತ್ತಲೇ ಸಾಗುವುದಲ್ಲದೆ ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರದು: ಇದು ಅವನ ವರ್ಣನೆಯ ಸಾರ. ಕಡಲಿನ ಹಡಗುಗಳನ್ನು ಕಂಡು ಬೆಳೆದವನಿಗೆ ಈ ಸುತ್ತಾಟವು ಕುಂದಾಗಿ ತೋರಿದುದು ಸಹಜವೇ. ಆದರೆ ಅಭ್ಯಾಸವುಳ್ಳ ಅಂಬಿಗನು ಹರಿಗೋಲನ್ನು ಬೇಕೆಂದಲ್ಲದೆ ತಿರುಗಗೊಡುವುದಿಲ್ಲ. ದೋಣಿ ಹೋಗಬೇಕಾದ ಕಡೆಗೇ ಮುಖಮಾಡಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ಒಮ್ಮೆ ಎಡದಿಂದ ಒಮ್ಮೆ ಬಲದಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತ ದೋಣಿಯನ್ನು ಸೆಳೆದುಕೊಂಡು ಹೋಗುವನು. ಮರದ ದೋಣಿಯನ್ನು ನೂಕುವರು, ಹರಿಗೋಲನ್ನು ಎಳೆಯುವರು ಎಂದರೆ ತಪ್ಪಾಗಲಾರದು.

ಪಾಯೆಸನಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದೆ ಗ್ರೀಕ್ ಚರಿತ್ರಕಾರ ಹೆರೊಡೋಟಸನು ಬಾಬಿಲೋನಿಗೆ ಇಳಿದು ಬರುತ್ತಿದ್ದ ದುಂಡನೆಯ ತೊಗಲುದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲಿಯ ವರ್ತಕರು ಸರಕಿನೊಡನೆ ಒಂದು ಕತ್ತೆಯನ್ನೂ ದೋಣಿಯಲ್ಲಿಟ್ಟುಕೊಂಡು ಬಂದು, ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಿಂದ ಊರಿಗೆ ಮರಳುತ್ತಿದ್ದರಂತೆ. ಪ್ರವಾಹಕ್ಕೆ ಎದುರಾಗಿ ಆ ದೋಣಿಯನ್ನು ನಡೆಸುವುದು ಆಗದ ಮಾತಾಗಿದ್ದಿತು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಯೂಫ್ರಟಿಸಿನಲ್ಲಾಗಲಿ ಕಾವೇರಿಯಲ್ಲಾಗಲಿ ದುಂಡುದೋಣಿಯು ಇಳಿಯಬಲ್ಲುದು, ಅಡ್ಡ ಹಾಯಬಲ್ಲುದು; ಏರಲಾರದು. ಏರಬೇಕಾದಾಗ ಮನುಷ್ಯನ ತಲೆಯನ್ನೋ ಬಂಡಿಯನ್ನೋ ಏರಬೇಕು. ಮದರಾಸು ಆಧಿಪತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸನು 1930ರ ದಶಕದಲ್ಲಿ ದಕ್ಷಿಣ ದೇಶದ ಹರಿಗೋಲನ್ನೂ, ಟೈಗ್ರಿಸ್ ಯೂಫ್ರಟಿಸ್ ನದಿಗಳ ದುಂಡುದೋಣಿಯನ್ನೂ, ಬ್ರಿಟನ್ನಿನ ತೊಗಲುದೋಣಿಗಳನ್ನೂ ಅಭ್ಯಾಸಮಾಡಿ ಬರೆದನು. ಎಲ್ಲಿ ನೋಡಿದರೂ ದುಂಡುದೋಣಿ ನದಿಯದೇ.

ಮಂಡ್ಯದ ಸೀಮೆಯಲ್ಲಿ ಈ ದೋಣಿಯ ಮಹತ್ವವು ದಂಡಯಾತ್ರೆಗಳ ಕಾಲದಲ್ಲಿ ಚೆನ್ನಾಗಿ ಬೆಳಕಿಗೆ ಬಂದಿತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಟೀಪೂ ಸುಲ್ತಾನನ ಸೈನ್ಯದೊಡನೆ ಹೋರಾಡಿ ಮೇಲುಗೈ ಪಡೆದರೂ, ಮಳೆ ಹಿಡಿದು, ದವಸ ತೀರಿ, ದನಗಳು ಸತ್ತು, ಕನ್ನಂಬಾಡಿಯ ಬಳಿ ಕೋಟೆ ಒಡೆಯುವ ತನ್ನ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನಿಗೂ ಟೀಪುವಿಗೂ ಯುದ್ಧ ನಡೆಯಿತು. ಹ್ಯಾರಿಸನು ಉತ್ತರದ ದಂಡೆಯ ದಾರಿಯಿಂದಲೇ ಪಟ್ಟಣಕ್ಕೆ ಬರುವನೆಂದು ಎಣಿಸಿ ಸುಲ್ತಾನನು ಆ ದಾರಿಯ ಮೇವನ್ನೆಲ್ಲ ನಾಶಮಾಡಿಸಿದ್ದನು. ಹ್ಯಾರಿಸನೋ ಅದನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ಹಾಯ್ದು ದಕ್ಷಿಣದ ದಂಡೆಯನ್ನು ಹಿಡಿದನು. ಆ ಬೇಸಗೆಯ ನೀರಿಗೆ ದೋಣಿಯ ಅವಶ್ಯಕತೆಯೇ ಬೀಳಲಿಲ್ಲ. ಇನ್ನು ಎರಡು ತಿಂಗಳು ತಡವಾಗಿದ್ದರೆ ಅದೇ ಎಡೆಯಲ್ಲಿ ಅಷ್ಟು ದೊಡ್ಡ ದಂಡನ್ನು ದಾಟಿಸುವುದು ಕನಸಾಗುತ್ತಿದ್ದಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಈ ಪಾಠವನ್ನು ಚೆನ್ನಾಗಿ ಕಲಿತವನು ಪಟ್ಟಣದ ಪತನದ ಅನಂತರ ಅಲ್ಲಿಯ ಅಧಿಕಾರಿಯಾಗಿ ನಿಂತ ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗಲೂ, 1803ರಲ್ಲಿ ಮರಾಠರ ಮೇಲೆ ಹೋದಾಗಲೂ ಅವನು ಹೊಳೆಗಳನ್ನು ದಾಟುವುದಕ್ಕೆ ಈ ಬುಟ್ಟಿದೋಣಿಗಳನ್ನು ನಂಬಿದನು. ಸುಮಾರು 10 ಅಡಿ ವ್ಯಾಸದ ದೋಣಿಗಳನ್ನು ಹೆಣೆಯಿಸಿ ತೊಗಲು ಹೊದಿಸಬೇಕೆಂದು ಅಳತೆಯನ್ನು ಸಹ ಗೊತ್ತುಮಾಡಿದನು. ನದಿ ತುಂಬಿದಾಗ ಮರಾಠರ ಕುದುರೆ ಸವಾರರು ದಂಡೆಯಲ್ಲಿಯೆ ನಿಲ್ಲಬೇಕು. ಹರಿಗೋಲುಳ್ಳ ಸೈನ್ಯ ಮಾತ್ರ ದಾಟಬಲ್ಲುದು. ಆದುದರಿಂದ ಮಳೆಗಾಲವೇ ತನಗೆ ಅನುಕೂಲವೆಂದು ಅವನು ಲೆಕ್ಕಹಾಕಿದ್ದನು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಜಗತ್ಪ್ರಸಿದ್ಧನಾದ ಈ ಸೇನಾಪತಿಯ ಯಶಸ್ಸಿನಲ್ಲಿ ಮೈಸೂರು ದೇಶದ ಬೆಸ್ತರ ಹೆಣಿಗೆಗೂ ಒಂದು ಪಾಲು ಉಂಟು. ಆದರೆ ಆ ಪಾಲನ್ನು ಯಾರೂ ಶಿಲೆಯಲ್ಲಿ ಕೆತ್ತಿಸಲಿಲ್ಲ.

ಅನಂತರ ಸೇತುವೆಗಳ ಕಾಲ ಬಂದಿತು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಲ್ಲಿನ ಸೇತುವೆಯನ್ನು ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮದ್ದೂರಿನ ಬಳಿ ಶಿಂಷೆಗೆ ಇಟ್ಟಿಗೆಯ ಸೇತುವೆಯಾಯಿತು. 1880ರ ದಶಕದ ಮೊದಲಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿತು. ಹೆದ್ದಾರಿಯನ್ನು ಕಳೆದುಕೊಂಡ ಹರಿಗೋಲಿಗೆ ಹಳ್ಳಿಯಿಂದ ಹಳ್ಳಿಗೆ ಹಾಯುವ ಎಡೆಗಳೂ ಬಲೆಯ ಕೆಲಸವೂ ಉಳಿದುವು. ಅದನ್ನು ನಡೆಸಿದವರನ್ನು ಬೆಸ್ತರೆಂದೂ ತೊರೆಯರೆಂದೂ ಕಬ್ಬೇರರೆಂದೂ ಅಂಬಿಗರೆಂದೂ ಸೀಮೆಸೀಮೆಗೆ ಒಂದು ಹೆಸರಿನಿಂದ ಕರೆಯುವರು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ಆ ಹೆಸರನ್ನು ಮುಚ್ಚಿಡದೆ ಮುಂದಿಟ್ಟುಕೊಂಡವನು. ಮೀನು ಹಿಡಿಯುವುದಲ್ಲದೆ ಪಲ್ಲಕ್ಕಿ ಹೊರುವುದು, ಸುಣ್ಣ ಸುಡುವುದು ಸಹ ಬೆಸ್ತರ ಕಸುಬುಗಳಾಗಿದ್ದುವು. ಪಲ್ಲಕ್ಕಿಯನ್ನು ರೈಲು ತೆಗೆದುಕೊಂಡಿತು, ಸುಣ್ಣವನ್ನು ಸಿಮೆಂಟು ತೆಗೆದುಕೊಂಡಿತು, ಉಳಿದುದು ನೀರೊಂದೇ.

ಆ ನೀರಿಗೂ ಬದಲಾವಣೆ ತಪ್ಪಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸತೊಡಗಿತು. 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಕಟ್ಟೆ ಇಪ್ಪತ್ತು ವರ್ಷಗಳಲ್ಲಿ ಪೂರ್ಣವಾಯಿತು. ಅದರ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲನ್ನು ಗದ್ದೆಯಾಗಿ ಮಾಡಿತು. ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಿತು. 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ರಾಗಿಯ ಮುದ್ದೆಗೂ ಬರವಿದ್ದ ಮನೆಗಳಲ್ಲಿ ಅನ್ನ ಬೇಯತೊಡಗಿದುದು ಈ ನಾಲೆಯಿಂದ. ಇದನ್ನು ಒಪ್ಪದವರು ಕೃತಘ್ನರೇ ಸರಿ. ಆದರೆ ಒಕ್ಕಲಿಗನ ಲೆಕ್ಕವೂ ಬೆಸ್ತನ ಲೆಕ್ಕವೂ ಒಂದೇ ಅಲ್ಲ. ಮುಂಗಾರಿನ ಹೊಸನೀರನ್ನು ಕಂಡು ಮೇಲಕ್ಕೆ ಏರಿ ಮೊಟ್ಟೆಯಿಡುವ ಮೀನಿಗೆ ಕಟ್ಟೆಯೇ ಗೋಡೆ. ಕಟ್ಟೆಯ ಕೆಳಗಿನ ನದಿಯಲ್ಲಿ ನೀರು ಋತುವಿಗೆ ತಕ್ಕಂತೆ ಬಾರದೆ ಬಾಗಿಲು ತೆರೆದಂತೆ ಬರತೊಡಗಿತು. ಮದ್ದೂರಿನ ಸೂಳೆಕೆರೆ, ಮಳವಳ್ಳಿಯ ಮಾರೇಹಳ್ಳಿ ಕೆರೆಗಳಂಥ ದೊಡ್ಡ ಕೆರೆಗಳಲ್ಲಿ ಮೀನುಂಟು. ಆದರೆ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೂ ಹರಾಜಿಗೂ ಒಳಪಟ್ಟುದರಿಂದ ಹರಿಗೋಲೊಂದೇ ಇದ್ದವನಿಗೆ ಅದು ತಾನಾಗಿ ದಕ್ಕುವ ವಸ್ತುವಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳಿಗೆ ಮಾತ್ರ ಈ ಹರಾಜಿನ ನಿರ್ಬಂಧವಿಲ್ಲ!

ಕಾವೇರಿಯ ಮೀನುಗಳಲ್ಲಿ ಹೆಸರಾದುದು ಬಿಳಿಮೀನು, ಎಂದರೆ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವನೊಬ್ಬನ ಗಾಳಕ್ಕೆ 120 ಪೌಂಡ್ ತೂಕದ ಮೀನು ಸಿಕ್ಕಿತು. ಗಾಳದ ಬೇಟೆಯವರ ಲೋಕದಲ್ಲಿ ಅದು ಬಹುಕಾಲ ಮಾತಾಯಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಗಾಳದ ಬೇಟೆಗಾರರು ಈ ಮೀನಿನ ಹೆಸರನ್ನು ಮತ್ತೆ ಹೊರದೇಶಗಳಲ್ಲಿ ಹರಡಿದರು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಅಂತಹವರಿಗಾಗಿ ಬಿಡಾರಗಳಾದುವು. ಅವರನ್ನು ಮಡುವಿನಿಂದ ಮಡುವಿಗೆ ಒಯ್ದುದು ಸ್ಥಳೀಯರ ಹರಿಗೋಲೇ. 1987ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಮುಂದೆ ಅದರೊಳಗೆ ಗಾಳದ ಬೇಟೆಯೂ ನಿಂತಿತು. ಕಾವೇರಿಯ ಗೂನುಬೆನ್ನಿನ ಬಿಳಿಮೀನು 2018ರಲ್ಲಿ ನಶಿಸುವ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತೆಂದ ಮೇಲೆ ಆ ನಿರ್ಬಂಧವನ್ನು ತಪ್ಪೆನ್ನುವಂತಿಲ್ಲ. ಸೀತಾದೇವಿಯ ಮೂಗುತಿಯನ್ನು ಮಡುವಿನಿಂದ ಹನುಮಂತನು ಎತ್ತಿಕೊಟ್ಟನೆಂಬ ಮುತ್ತತ್ತಿಯಲ್ಲಿ ಈಗ ಯಾರೂ ನದಿಯಿಂದ ಸುಲಭವಾಗಿ ಏನನ್ನೂ ಎತ್ತಲಾರರು.

ಇಷ್ಟರಲ್ಲಿ ಹರಿಗೋಲಿನ ಮೈಯೇ ಬೇರೆಯಾಗಿದ್ದಿತು. ತೊಗಲಿನ ಬೆಲೆ ಏರಿದಂತೆ ಅದರ ಸ್ಥಳಕ್ಕೆ ಡಾಂಬರು ಬಳಿದ ಗೋಣಿ ಬಂದಿತು, ಟಾರ್ಪಾಲು ಬಂದಿತು, ಗೊಬ್ಬರದ ಚೀಲಗಳ ಹೊಲಿಗೆ ಬಂದಿತು. ಈಚೆಗೆ ಫೈಬರಿನ ಹರಿಗೋಲೂ ಬಂದಿದೆ. ನೋಡುವವರ ಕಣ್ಣಿಗೆ ಇದು ಅವನತಿಯೆಂದು ತೋರಬಹುದು. ಆದರೆ ಡಾಂಬರಿನ ಮೈಯನ್ನು ದಿನವೂ ಆರಿಸಬೇಕಾದುದಿಲ್ಲ. ಹಗಲಿರುಳೂ ನೀರಿನಲ್ಲಿದ್ದರೂ ಅದು ಕೊಳೆಯದು. ತೊಗಲಿನ ಕಾಲದಲ್ಲಿ ದಂಡೆಯನ್ನು ಬಿಟ್ಟಿರಲಾರದಿದ್ದ ದೋಣಿಗೆ ಹೀಗೆ ದಂಡೆಯ ಬಂಧನ ಕಳಚಿತು.

ಇದೇ ಕಾಲದಲ್ಲಿ ಅದಕ್ಕೆ ಇನ್ನೊಂದು ಶಿಕ್ಷಣವೂ ಆಯಿತು. ಕನ್ನಂಬಾಡಿಯ ಹಿನ್ನೀರು, 1974ರ ಮೇಲೆ ಹೆಗ್ಗಡದೇವನಕೋಟೆಯ ಕಡೆಯ ಕಬಿನಿಯ ಹಿನ್ನೀರು, ಇವುಗಳಲ್ಲಿ ಸೆಳವಿಲ್ಲ, ಬಂಡೆಯಿಲ್ಲ. ಕಣ್ಣುಹರಿಯುವಷ್ಟು ಬಟ್ಟಬಯಲಾದ ನೀರು, ಅದರ ಮೇಲೆ ಗಾಳಿ, ಗಾಳಿಗೆ ಎದ್ದ ಅಲೆ. ನದಿಯ ಹರಿಗೋಲು ಅಲೆಯನ್ನು ಮೊದಲು ಕಲಿತುದು ಇಲ್ಲಿಯೇ ಎಂದು ಊಹಿಸಲು ಅವಕಾಶವುಂಟು. ನದಿಯಿಂದ ನೇರವಾಗಿ ಅಳಿವೆಗೆ ಹೋಗಿದ್ದರೆ ಅದು ಅಲ್ಲಿ ನಿಲ್ಲುತ್ತಿದ್ದುದು ಸಂದೇಹ. ಕಟ್ಟೆಯು ಬೆಸ್ತನಿಂದ ಹೊಳೆಯನ್ನು ಕಿತ್ತುಕೊಂಡು, ಕಡಲಿನ ಕಡೆಗೆ ಹೋಗುವ ವಿದ್ಯೆಯನ್ನು ಅವನಿಗೆ ತಿಳಿಯದಂತೆಯೇ ಕಲಿಸಿತು.

ಮೈಸೂರು ಜಿಲ್ಲೆಯ ಕಡೆಯಿಂದ ಹರಿಗೋಲಿನ ಕುಟುಂಬಗಳು ಕೊಚ್ಚಿಗೆ ಹೋದುದು ನೆಲದ ದಾರಿಯಿಂದ. ವೇಂಬನಾಡು ಎಂಬ ಕೇರಳದ ದೊಡ್ಡ ಹಿನ್ನೀರು ಸುಮಾರು 60 ಮೈಲಿ ಉದ್ದವಿದ್ದು, ಕೊಚ್ಚಿಯಲ್ಲಿ ಬಾಯಿ ತೆರೆದು ಅರಬ್ಬೀ ಸಮುದ್ರವನ್ನು ಸೇರುವುದು. ಆ ಬಾಯಿಗೆ ಅಡ್ಡವಾಗಿದ್ದ ಮರಳಿನ ದಿಣ್ಣೆಯನ್ನು 1920ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಕಡಿಸಿದ ಮೇಲೆ ದೊಡ್ಡ ಹಡಗುಗಳು ಒಳಗೆ ಬರತೊಡಗಿದುವು. ಕರಿಮೀನು, ಸಿಗಡಿ ಮುಂತಾದುವು ಅಲ್ಲಿ ದೊರೆಯುವುವು. ಕೊಳ್ಳುವ ಪಟ್ಟಣ ದಂಡೆಯಲ್ಲಿಯೇ ಉಂಟು. ಮಲೆಯಾಳಿಗರು ಹರಿಗೋಲನ್ನು ಕುಟ್ಟವಂಚಿ, ಅಂದರೆ ಬುಟ್ಟಿದೋಣಿ, ಎಂದು ಕರೆದರು. ಒಂದೊಂದು ದೋಣಿಯಲ್ಲಿ ಗಂಡಹೆಂಡಿರಿಬ್ಬರು. ಒಬ್ಬರು ಹುಟ್ಟು ಹಿಡಿದರೆ ಇನ್ನೊಬ್ಬರು ಬಲೆ ಬಿಡುವರು. ಕೆಲಸ ಹೆಚ್ಚಾಗಿ ರಾತ್ರಿಯಲ್ಲಿ. ಸೇತುವೆಗಳ ಕೆಳಗೆ, ದಂಡೆಯ ಖಾಲಿ ನಿವೇಶನಗಳಲ್ಲಿ ಟಾರ್ಪಾಲಿನ ಬಿಡಾರ.

ಈ ನೀರಿನಲ್ಲಿ ಹರಿಗೋಲಿನ ಗುಣಗಳೆಲ್ಲ ತಿರುಗುಮುರುಗಾಗುವುವು. ಅಡಿಗಟ್ಟಿಲ್ಲದ ದುಂಡುತಳವು ಗಾಳಿಗೆ ಎಲೆಯಂತೆ ಜಾರುವುದು. ಎದುರುಗಾಳಿಯಲ್ಲಿ ಎಷ್ಟು ಎಳೆದರೂ ಮುಂದೆ ಹೋಗದು. ಅಂಚು ತಗ್ಗಾದುದರಿಂದ ಗಾಳಿಗೆ ಎದ್ದ ಮೊಟಕು ಅಲೆಗಳು ಒಳಕ್ಕೆ ನುಗ್ಗುವುವು. ಯಂತ್ರದ ದೋಣಿಯೊಂದು ಹತ್ತಿರ ಹಾದುಹೋದರೆ ಅದು ಎಬ್ಬಿಸುವ ಅಲೆಯೇ ಕಂಟಕ. ದೀಪವಿಲ್ಲದ ತಗ್ಗುದೋಣಿಯು ಕತ್ತಲಲ್ಲಿ ಹಡಗಿನವನ ಕಣ್ಣಿಗೆ ಬೀಳುವುದೂ ಕಷ್ಟ. ಹಗಲು ಏರಿದಂತೆ ಕಡಲಗಾಳಿ ಎದ್ದು ಸಂಜೆಯವರೆಗೆ ಬೀಸುವುದರಿಂದ ರಾತ್ರಿಯ ನಿಶ್ಚಲ ಕಾಲವನ್ನು ಆರಿಸಿಕೊಳ್ಳುವುದರಲ್ಲಿ ವಿವೇಕವಿದೆ. ಅದು ಮೀನಿನ ಕಾರಣಕ್ಕಾಗಿ ಮಾತ್ರವಲ್ಲ.

ಆದರೆ ಅಳಿವೆಯ ನೀರು ನದಿಯಲ್ಲಿಲ್ಲದ ಒಂದು ಉಪಕಾರವನ್ನು ಮಾಡುವುದು. ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಏರಿಳಿತದ ಎತ್ತರ ಹೆಚ್ಚೆಂದರೆ ಸುಮಾರು 3 ಅಡಿ. ಆದರೂ ಕಿರಿದಾದ ಕಾಲುವೆಗಳಲ್ಲಿ ಅದರ ಸೆಳವು ಬಲವಾದುದು. ಇಳಿತದೊಡನೆ ದೋಣಿಯನ್ನು ಬಿಟ್ಟರೆ ಅದು ತಾನೇ ಅಳಿವೆಯ ಕಡೆಗೆ ಸಾಗುವುದು. ನೀರು ತಿರುಗುವ ಮೊದಲಿನ ಸ್ತಬ್ಧ ಹೊತ್ತಿನಲ್ಲಿ ಬಲೆಯ ಕೆಲಸ ಮಾಡಿ, ಭರತ ಎದ್ದಾಗ ಅದರೊಡನೆ ಹಿಂದಿರುಗಬಹುದು. ಬಾಬಿಲೋನಿನ ವರ್ತಕನು ಕತ್ತೆಯ ಮೇಲೆ ಹೇರಿದುದನ್ನು, ಕಾವೇರಿಯ ಬೆಸ್ತನು ತಲೆಯ ಮೇಲೆ ಹೊತ್ತುದನ್ನು ಇಲ್ಲಿ ಸಮುದ್ರವೇ ಹೊತ್ತು ತರುವುದು. ಏರಲಾರದ ದೋಣಿಗೆ ತಾನೇ ಹಿಂದಿರುಗುವ ನೀರು ಸಿಕ್ಕಿತು. ದೊಡ್ಡ ದೋಣಿಯೂ ಯಂತ್ರವೂ ಇಲ್ಲದ ಬಡಕುಟುಂಬವು ಈ ನೀರಿನಲ್ಲಿ ಹೊಟ್ಟೆ ಹೊರೆಯುತ್ತಿರುವುದಕ್ಕೆ ಮುಖ್ಯವಾದ ಕಾರಣ ಇದೇ. ಆದರೆ ಹೊತ್ತನ್ನು ತಪ್ಪಿದವನ ಗತಿ ಕಷ್ಟ. ಇಳಿತದ ನಡುವಿನಲ್ಲಿ ದಂಡೆಗೆ ಮರಳಬೇಕೆಂದರೆ ಎರಡು ತೋಳಿನ ಬಲ ಸಾಲದು. ಪಂಚಾಂಗದ ತಿಥಿಯನ್ನು ಕೃಷಿಕನಿಗಿಂತ ಇವರು ಹೆಚ್ಚು ಎಚ್ಚರದಿಂದ ನೋಡಬೇಕಾಗುವುದು, ಏಕೆಂದರೆ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ನೀರಿನ ಸೆಳವು ಅತ್ಯಧಿಕ.

ದುಂಡುದೋಣಿಯು ಕಡಲನ್ನು ಕಂಡುದು ಕೊಚ್ಚಿಯಲ್ಲಿಯೇ ಮೊದಲೆಂದು ತಿಳಿಯಬಾರದು. ವಿಯೆಟ್ನಾಮಿನ ನಡುಕರಾವಳಿಯಲ್ಲಿ, ಡಾ ನಾಂಗ್ ಹೊಯ್ ಆನ್‌ಗಳ ಕಡೆ, ಬೆಸ್ತರು ಬಿದಿರಿನ ದುಂಡುಬುಟ್ಟಿಗೆ ಸಗಣಿಯನ್ನೂ ರಾಳವನ್ನೂ ಮೆತ್ತಿ, ಮೊರೆಯುವ ತೆರೆಗಳನ್ನು ದಾಟಿ ಹೋಗುವರು. ಫ್ರೆಂಚರು ದೋಣಿಗಳಿಗೆ ತೆರಿಗೆ ಹಾಕಿದಾಗ, ಇದು ದೋಣಿಯಲ್ಲ ಬುಟ್ಟಿ ಎಂದು ವಾದಿಸಿ ತಪ್ಪಿಸಿಕೊಳ್ಳುವುದಕ್ಕಾಗಿ ಅದು ಹುಟ್ಟಿತೆಂದು ಅಲ್ಲಿ ಪ್ರತೀತಿ. ಪ್ರತೀತಿ ನಿಜವಿರಲಿ ಇಲ್ಲದಿರಲಿ, ಬಡವನ ಜಾಣತನವಂತೂ ಸುಳ್ಳಲ್ಲ. ಅವರ ಬುಟ್ಟಿ ಆಳವಾದುದು, ಅಂಚು ಎತ್ತರವಾದುದು. ತೆರೆ ಬಂದಾಗ ಅದರ ಬೆನ್ನೇರಿ ಇಳಿಯುವುದು. ಐರ್ಲೆಂಡಿನವರು ಬೇರೆ ಉಪಾಯ ಮಾಡಿದರು. ನದಿಯಲ್ಲಿ ತೊಗಲುದೋಣಿಯನ್ನು ದುಂಡಗೆ ಉಳಿಸಿಕೊಂಡು, ಕಡಲಿಗೆ ಹೋಗುವುದನ್ನು ಉದ್ದವಾಗಿ ಮೂತಿಯೆತ್ತಿ ಕಟ್ಟಿದರು. ಕಾವೇರಿಯ ಹರಿಗೋಲೋ ತನ್ನ ತಗ್ಗಾದ ಅಂಚನ್ನು ಬದಲಿಸಿಕೊಳ್ಳದೆಯೇ ಉಪ್ಪುನೀರಿಗೆ ಇಳಿಯಿತು. ಅದನ್ನು ತಿದ್ದಿ ಕಟ್ಟುವುದಕ್ಕೆ ಬೇಕಾದ ಹಣವೂ ಬಿಡುವೂ ಅದರ ಒಡೆಯನಿಗೆ ಇರಲಿಲ್ಲ.

ನೀರಿನ ಅಪಾಯಕ್ಕಿಂತ ನೆಲದ ಕಷ್ಟ ಕಡಿಮೆಯೇನೂ ಅಲ್ಲ. ಕೊಚ್ಚಿಯ ಹಿನ್ನೀರಿನಲ್ಲಿ ಚೀನೀಬಲೆಯವರೂ, ಗೂಟದ ಬಲೆಯವರೂ, ಮರದ ವಂಚಿಯವರೂ ತಲೆಮಾರುಗಳಿಂದ ಬಾಳುತ್ತಿರುವರು. ಪಟ್ಟಣ ಬೆಳೆದು, ನೀರು ಕಲುಷಿತವಾಗಿ, ಮೀನು ಇಳಿದಿರುವಾಗ ಹೊರಗಿನಿಂದ ಬಂದ ಬಲೆಗಳನ್ನು ಅವರು ಮುನಿಸಿನಿಂದ ಕಂಡರೆ ಅದನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. 2010ರ ಕೇರಳದ ಒಳನಾಡು ಮೀನುಗಾರಿಕೆಯ ಕಾಯಿದೆಯು ಇಂತಹ ನೀರಿನಲ್ಲಿ ಮೀನು ಹಿಡಿಯುವುದನ್ನು ಪರವಾನಗಿಗೆ ಒಳಪಡಿಸಿದೆ. ದೇಶದ ಸಂವಿಧಾನವು ಯಾವ ಪ್ರಜೆಗಾದರೂ ಎಲ್ಲಿ ಬೇಕಾದರೂ ನೆಲಸಿ ಕಸುಬು ಮಾಡುವ ಹಕ್ಕನ್ನು ಕೊಟ್ಟಿದ್ದರೂ, ದಂಡೆಯಲ್ಲಿ ಕಾಯಂ ವಿಳಾಸವಿಲ್ಲದವನಿಗೆ ಪರವಾನಗಿಯ ಕಾಗದವನ್ನು ತುಂಬುವುದೇ ಮೊದಲನೆಯ ತೊಡಕು. ಊರಿನಲ್ಲಿ ಮತದ ಚೀಟಿ, ಪರವೂರಿನಲ್ಲಿ ಬಲೆ. ಮಕ್ಕಳನ್ನು ಕನ್ನಡ ಶಾಲೆಗೆ ಅಜ್ಜಿಯ ಬಳಿ ಬಿಡಬೇಕೋ, ಜೊತೆಗೆ ಕರೆತಂದು ಮಲೆಯಾಳ ಶಾಲೆಗೆ ಸೇರಿಸಬೇಕೋ ಎಂಬ ಪ್ರಶ್ನೆ ಹೀಗೆ ಬಾಳುವ ಯಾವ ಮನೆಯನ್ನೂ ಬಿಟ್ಟಿಲ್ಲ.

ಇತ್ತ ಮಂಡ್ಯದ ಸೀಮೆಯಲ್ಲಿ ಹರಿಗೋಲು ಕಣ್ಮರೆಯಾಗಿಲ್ಲ. ಬಲಮುರಿ, ಮುತ್ತತ್ತಿ, ಭೀಮೇಶ್ವರಿಗಳಿಗೆ ಹೋದ ಪಟ್ಟಣಿಗರನ್ನು ಕುಳ್ಳಿರಿಸಿಕೊಂಡು ಅಂಬಿಗನು ನಡುಹೊಳೆಯಲ್ಲಿ ದೋಣಿಯನ್ನು ಬೇಕೆಂದೇ ಗಿರಗಿರನೆ ಸುತ್ತಿಸುವುದುಂಟು. ಪಾಯೆಸನು ಕುಂದೆಂದು ಬಗೆದುದಕ್ಕೇ ಈಗ ಹಣ ದೊರೆಯುವುದು. ಕೂತವರು ಕಿರಿಚಿದಷ್ಟೂ ಬಾಡಿಗೆಗೆ ಬೆಲೆ. ನೇರವಾಗಿ ಎಳೆದುಕೊಂಡು ಹೋಗುವ ಹಳೆಯ ವಿದ್ಯೆಯು ನಿಜವಾಗಿ ಬೇಕಾಗಿರುವುದು ಇಲ್ಲಿಗಿಂತ ಕೊಚ್ಚಿಯಲ್ಲಿ.

ಮುಂಗಾರು ಹಿಡಿದಾಗ ಕೇರಳದ ಹೊಳೆಗಳೆಲ್ಲ ತುಂಬಿ ವೇಂಬನಾಡಿಗೆ ಸುರಿಯುವುವು. 1970ರ ದಶಕದಲ್ಲಿ ಉಪ್ಪನ್ನು ತಡೆಯುವುದಕ್ಕಾಗಿ ತಣ್ಣೀರ್ಮುಕ್ಕದಲ್ಲಿ ಕಟ್ಟಿದ ಒಡ್ಡಿನ ಬಾಗಿಲುಗಳನ್ನು ಆಗ ತೆರೆಯುವರು. ಮಳೆ ಬಲವಾದಂತೆ ಸಿಹಿನೀರು ಉಪ್ಪನ್ನು ಅಳಿವೆಯ ಕಡೆಗೆ ನೂಕಿ, ಕೊಚ್ಚಿಯ ಹತ್ತಿರದವರೆಗೂ ಮೇಲುನೀರು ಕೆಲವು ವಾರಗಳ ಕಾಲ ಬಹುಮಟ್ಟಿಗೆ ಸಿಹಿಯಾಗಿಯೇ ಇರುವುದು. ಅದೇ ವಾರಗಳಲ್ಲಿ ಕನ್ನಂಬಾಡಿಯಲ್ಲಿ ನೀರಿನ ಮಟ್ಟ 124 ಅಡಿಯ ಕಡೆಗೆ ಏರುವುದನ್ನು ಮಂಡ್ಯದ ಮನೆಮನೆಗಳಲ್ಲಿ ದಿನದಿನವೂ ಪತ್ರಿಕೆಯಲ್ಲಿ ನೋಡಿಕೊಳ್ಳುವರು.